ಜೂನ್ ಇಪ್ಪತ್ತೊಂದರ ಮೊದಲ ಹಾಡು

ಮದಾಂ ಒದಿಲ್ ಕೆರ್ವೆಲಾ ಅವರ ಕಂಠಕ್ಕೆ ದೇವರು ಎಲ್ಲವನ್ನೂ ಧಾರಾಳವಾಗಿ ಕೊಟ್ಟು, ಶ್ರುತಿಯೊಂದನ್ನು ಕೊಡಲು ಮರೆತಿದ್ದಾನೆ. ಫ್ರಾನ್ಸಿನ ನಾಂತ್ ನಗರದ ನಮ್ಮ ಮಾರುಕಟ್ಟೆಯಲ್ಲಿ ನಲವತ್ತು ವರ್ಷಗಳಿಂದ ಸಾರ್ಡೀನ್ ಮೀನನ್ನು ಕೂಗಿ ಮಾರುತ್ತಿರುವ ಆ ದನಿ ಮೂರು ಬೀದಿ ದಾಟಿ, ಮುಚ್ಚಿದ ಕಿಟಕಿಯನ್ನೂ ಹಾದು ಬರುತ್ತದೆ. ಆದರೆ ಹಾಡಲು ಹೊರಟರೆ ಸ್ವರಗಳು ಮಗುಚಿದ ಬುಟ್ಟಿಯ ಏಡಿಗಳಂತೆ ದಿಕ್ಕಿಗೊಂದಾಗಿ ಹರಿದುಹೋಗುತ್ತವೆ. ತೂಗುವ ದೋಣಿಯ ಮೇಲಿರುವವರಂತೆ ಕಾಲಗಲಿಸಿ ನಡೆಯುವ ಆಕೆ, ಬೇಸಿಗೆಯಲ್ಲಿ ಬರುವ ಜೂನ್ ಇಪ್ಪತ್ತೊಂದರ ಸಂಗೀತಹಬ್ಬದ ಸಂಜೆ ಮಾತ್ರ, ತೀರಿಹೋದ ಗಂಡನ ದಪ್ಪ ನೀಲಿ ನಾವಿಕ ಕೋಟನ್ನು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಬರುತ್ತಾರೆ. ಸೆಖೆಯಲ್ಲಿ ಇದೇಕೆಂದು ಕೇಳಿದರೆ, "ಬಿಚ್ಚಿದ್ರೆ ಉಸಿರೆಲ್ಲಾ ಚೆಲ್ಲಿಹೋಗುತ್ತೆ. ಅಷ್ಟೇ, ಮುಗೀತು" ಎನ್ನುತ್ತಾರೆ. ಹಾಗೆಂದ ಮೇಲೆ ಅವರ ಮಾತು ಎಂದೂ ಮುಗಿದದ್ದಿಲ್ಲ.

ಆ ಸಂಜೆ ಊರಿಗೆ ಊರೇ ವಾದ್ಯ ಹಿಡಿದು ಬೀದಿಗಿಳಿಯುತ್ತದೆ. ಟಿಕೆಟ್ಟಿಲ್ಲ, ಕಾಸಿಗಾಗಿ ನೆಲದ ಮೇಲೆ ಟೋಪಿ ಮಗುಚಿಡುವವರಿಲ್ಲ. ಬಲ್ಲವರಿಗೂ ಬಾರದವರಿಗೂ ಒಂದೇ ಬೀದಿ. ನಮ್ಮ ಬೀದಿಗೆ ಇನ್ನೊಂದು ಕಟ್ಟಳೆಯಿದೆ: ಮೊದಲ ಹಾಡು ಒದಿಲ್ ಅವರದು. ಬಹಳ ಹಿಂದೆ ಒಂದು ವರ್ಷ, ಪಿಟೀಲು ಹಿಡಿದ ಬೇಕರಿಯ ಹುಡುಗಿಯೂ ಅಕಾರ್ಡಿಯನ್ ಹೊತ್ತ ಟ್ರಾಮ್ ಚಾಲಕ ಬಾಸೀಲರೂ "ನೀವು ಮೊದಲು, ನೀವು ಮೊದಲು" ಎಂದು ಅರ್ಧ ಗಂಟೆ ಸಂಕೋಚದಲ್ಲೇ ಕಳೆದಾಗ, ಒದಿಲ್ ಮೀನಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನಡುಬೀದಿಗೆ ಬಂದರಂತೆ.

"ಇಲ್ಲಿ ಎಲ್ರಿಗಿಂತ ಕೆಟ್ಟದಾಗಿ ಹಾಡೋಳು ನಾನು. ನಾನು ಶುರುಮಾಡಿದ್ರೆ ಆಮೇಲೆ ಯಾರಿಗೂ ನಾಚಿಕೆ ಇರಲ್ಲ."

ಅಂದಿನಿಂದ ಅದೇ ಪದ್ಧತಿ.

ನನಗೆ ಅವರ ಋಣ ಬಿದ್ದದ್ದು ಕಳೆದ ವರ್ಷ. ನನ್ನ ಎಂಟು ತಿಂಗಳ ಮಗಳು ನೊಲ್ವೆನ್‌ಳನ್ನು ಎದೆಗೆ ಕಟ್ಟಿಕೊಂಡು, ಅವಳ ಕತ್ತು ನೆಟ್ಟಗಿದೆಯೇ, ಬಿಸಿಲು ತಾಗುತ್ತಿದೆಯೇ ಎಂದು ಹೆಜ್ಜೆಗೊಮ್ಮೆ ನೋಡುತ್ತ ಮೀನು ಕೊಳ್ಳಲು ನಿಂತಿದ್ದೆ. ಮಗು ಅತ್ತಿತು; ನಾನು ಫೋನಿನಲ್ಲಿ ಜೋಗುಳ ಹಚ್ಚಿದೆ.

"ಯಾಕೆ ಪುಟ್ಟಿ, ನೀನೇ ಹಾಡೋಕೆ ನಿನ್ನ ನಾಲಿಗೆ ಬೆಕ್ಕು ತಿಂತಾ?" ಎಂದು ನನ್ನನ್ನು ಕೇಳಿದರು ಒದಿಲ್.

"ನಾನು ಹಾಡಲ್ಲ, ಮದಾಂ. ನಂಗೆ ಒಂಬತ್ತು ವರ್ಷ ಇದ್ದಾಗ ಶಾಲೆಯ ಗಾಯನ ತಂಡದಲ್ಲಿ ಟೀಚರ್ ಹೇಳಿದ್ರು, ನೀನು ತುಟಿ ಮಾತ್ರ ಆಡಿಸು, ದನಿ ಬೇಡ ಅಂತ."

ಇಪ್ಪತ್ತು ವರ್ಷ ನಾನು ತುಟಿಯನ್ನೇ ಆಡಿಸಿಕೊಂಡು ಬಂದಿದ್ದೆ. ಹೆತ್ತ ಮಗುವಿಗೂ ಒಂದು ಸಾಲು ಹಾಡಿರಲಿಲ್ಲ. ನನ್ನ ಅಪಸ್ವರ ಅವಳ ಕಿವಿಯನ್ನು ಕೆಡಿಸೀತೆಂಬ ಭಯ. ಒದಿಲ್ ನಗಲಿಲ್ಲ. ಮೀನನ್ನು ಕಾಗದದಲ್ಲಿ ಸುತ್ತಿ, "ಇಪ್ಪತ್ತೊಂದಕ್ಕೆ ಬಾ" ಎಂದಷ್ಟೇ ಹೇಳಿದರು.

ಹೋದೆ. ಮಗುವಿನ ಕಿವಿ ಮುಚ್ಚುವ ಟೊಪ್ಪಿಗೆ, ಎರಡು ಹಾಲಿನ ಬಾಟಲಿ, ಗುಂಪು ನೂಕಿದರೆ ಓಡಲೊಂದು ಸಂದಿ, ಎಲ್ಲವನ್ನೂ ನೋಡಿಟ್ಟುಕೊಂಡೇ ಹೋದೆ. ಒದಿಲ್ ಎತ್ತಿಕೊಂಡದ್ದು ಈ ಊರಿನ ಪ್ರತಿ ಮಗುವಿಗೂ ಬರುವ ಒಂದು ಹಳೆಯ ದೋಣಿಹಾಡು.

"ಒದಿಲ್, ಶ್ರುತಿ ಈ ಕಡೆ ಇದೆ ಕಣೇ!" ಎಂದು ಬಾಸೀಲ್ ಕೂಗಿದರು.

"ನಿನ್ನ ಅಕಾರ್ಡಿಯನ್ ಪೆಟ್ಟಿಗೆಯೇನು ಬೇರು ಬಿಟ್ಟಿದ್ಯಾ? ನೀನೇ ಬಾರೋ ಈಚೆಗೆ!"

ಜನ ಹೊಟ್ಟೆ ಹಿಡಿದು ನಕ್ಕರು. ಎರಡನೆಯ ಪದ್ಯಕ್ಕೆ ಬಂದಾಗ ಒದಿಲ್ ಗಕ್ಕನೆ ನಿಂತು, ಹಣೆ ಉಜ್ಜಿಕೊಂಡು, ನೇರ ನನ್ನ ಬಳಿಗೆ ಬಂದರು. "ಮರೆತೇ ಹೋಯ್ತು ಪುಟ್ಟಿ. ಮುಂದಿನ ಸಾಲು ಏನು?"

ಇಡೀ ಬೀದಿ ಕಾಯುತ್ತಿತ್ತು. ನಾನು ಮಾತಿನಲ್ಲಿ ಹೇಳಹೋದೆ. ಆದರೆ ರಾಗದ ಮೇಲೆ ಕುಳಿತು ಬೆಳೆದ ಆ ಸಾಲು ಬರಿಯ ಮಾತಾಗಿ ಬರಲೊಲ್ಲದು. ಹಾಡಿಯೇ ಹೇಳಿದೆ. ದನಿ ನಡುಗಿತು, ಒಡೆಯಿತು, ಎಲ್ಲಿಗೋ ಜಾರಿತು.

"ಕೆಟ್ಟದಾಗಿದೆ" ಎಂದರು ಒದಿಲ್, ಪರಮ ತೃಪ್ತಿಯಿಂದ. "ಇನ್ನೂ ಜೋರಾಗಿ!"

ಹಾಡಿದೆ. ನೊಲ್ವೆನ್ ತಲೆಯೆತ್ತಿ ನನ್ನ ಬಾಯನ್ನೇ ನೋಡಿದಳು. ಆಮೇಲೆ, ದನಿ ಎಲ್ಲಿಂದ ಬರುತ್ತಿದೆಯೆಂದು ಹುಡುಕುವವಳಂತೆ, ಎರಡು ಬೆರಳನ್ನು ನನ್ನ ಹಲ್ಲುಗಳ ನಡುವೆ ತೂರಿಸಿದಳು. ಕೈ ತೊಳೆದಿದೆಯೇ ಎಂದು ನೋಡುವುದನ್ನೂ ಅಂದು ನಾನು ಮರೆತೆ.

ಮರುದಿನ ಬಾಸೀಲ್ ಹೇಳಿದರು: "ಮರೆಯೋದಾ? ಅವಳು ಮೀನಿನ ಹುರುಪೆ ಕೆರೆಯುವಾಗ ದಿನಾ ಅದನ್ನೇ ಹಾಡ್ತಾಳಮ್ಮ, ನನ್ನ ಕಿವಿಯ ಗ್ರಹಚಾರ."

ಪ್ರತಿ ಬೀದಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ತಮ್ಮ ಕೊರತೆಯನ್ನು ಬಚ್ಚಿಡದೆ, ನಾಲ್ಕು ಜನರ ನಡುವೆ ಹರವಿಕೊಂಡು ನಿಂತು, ಪಕ್ಕದವರ ಅಂಜಿಕೆಯನ್ನು ಹಗುರ ಮಾಡುವವರು. ಅವರ ಗಾಯನವನ್ನು ಯಾರೂ ಧ್ವನಿಮುದ್ರಿಸಿಕೊಳ್ಳುವುದಿಲ್ಲ. ಸಂಗೀತಶಾಲೆಗಳ ಗೋಡೆಯ ಮೇಲೆ ಅವರ ಭಾವಚಿತ್ರ ತೂಗುವುದೂ ಇಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಮಕ್ಕಳು ಹೆತ್ತವರ ಸ್ವಂತ ದನಿ ಕೇಳುತ್ತ ನಿದ್ದೆಹೋಗುವುದು ಅವರ ದಯೆಯಿಂದಲೇ. ಅದು ಅಪಸ್ವರವೆಂದು ಆ ಮಕ್ಕಳಿಗೆ ತಿಳಿಯಲು ಇನ್ನೂ ಬಹಳ ವರ್ಷ ಬೇಕು.