ಹುಲಿಗೊಂದು ಗಂಟು, ಕೆಂಪಜ್ಜಿಗೊಂದು ಹಗ್ಗ

ಕಾಡಿನ ಬಳ್ಳಿಗಳಿಗೆ ಇನ್ನೂ ಗಂಟು ಎಂಬುದೇ ಬೀಳದಿದ್ದ ಕಾಲದಲ್ಲಿ, ಒಂದು ಹುಲಿಗೂ ಒಂದು ಮಹಾವಾನರಕ್ಕೂ ಜಗಳ ಹತ್ತಿತಂತೆ, ನಾನು ಬಲಶಾಲಿಯೋ ನೀನು ಬಲಶಾಲಿಯೋ ಅಂತ. ಹುಲಿ ಬಳ್ಳಿಯ ಈ ತುದಿಯನ್ನು ಕಚ್ಚಿತು. ವಾನರ ಆ ತುದಿಯನ್ನು ಹಿಡಿಯಿತು.

ನನ್ನ ಅಜ್ಜಿಯ ಕತೆ ಯಾವಾಗಲೂ ಇಲ್ಲಿಗೇ ನಿಲ್ಲುತ್ತಿತ್ತು. ಅವಳು ಹಗ್ಗ ಹೊಸೆಯುವವಳು. ಕೈಯಲ್ಲಿನ ನಾರು ಮುಗಿದಲ್ಲಿಗೆ ಕತೆಯೂ ಮುಗಿಯಬೇಕು. "ಆಮೇಲೆ ಯಾರು ಗೆದ್ರು?" ಎಂದರೆ "ನಾರು ತಾ, ಹೇಳ್ತೀನಿ" ಎನ್ನುವಳು. ನಾರು ತಂದರೆ ಬೇರೆ ಕತೆ ಶುರು.

ಹಾಗಾಗಿ ಮೃಗಾಲಯದವರು ಹಗ್ಗ ಕೇಳಿಕೊಂಡು ಬಂದಾಗ, ಆ ಕತೆಯೇ ಬಾಗಿಲು ತಟ್ಟಿದಂತಾಯಿತು. ಪ್ರಾಣಿಗಳನ್ನು ನೋಡಿಕೊಳ್ಳುವ ಕೀಲಿಯಣ್ಣನಿಗೆ ಸೊಂಟದ ಕೀಲಿಗೊಂಚಲಿನಿಂದಲೇ ಆ ಹೆಸರು. ಹುಲಿಗೆ ಎಳೆದಾಡಲು ಒಂದು ಹಗ್ಗ, ಕೆಂಪಜ್ಜಿಗೆ ಜೋತಾಡಲು ಒಂದು ಎಂದ. ಕೆಂಪಜ್ಜಿ ಎಂದರೆ ಕೆಂಗೂದಲಿನ ಮುದಿ ಒರಾಂಗುಟಾನ್.

"ಇಬ್ಬರಿಗೂ ಬಗ್ಗದಂಥದ್ದು ಕೊಡ್ತೀನಿ. ನನ್ನ ಮಾತು," ಎಂದಳು ಅಜ್ಜಿ. ಒಂದೇ ದಪ್ಪ ಹಗ್ಗ ಹೊಸೆದು, ಎರಡು ತುಂಡು ಮಾಡಿ, ತನ್ನದೇ ಗಂಟು ಬಿಗಿದು ಕಳಿಸಿದಳು.

ವಾರ ತುಂಬುವುದರೊಳಗೆ ಕೀಲಿಯಣ್ಣ ಎರಡನ್ನೂ ಹೆಗಲಿಗೆ ಹಾಕಿಕೊಂಡು ಹಾಜರಾದ. ಹುಲಿಯ ಹಗ್ಗ ತುಂಡಾಗಿ ನಾರೆಲ್ಲ ಕೆದರಿತ್ತು. ಕೆಂಪಜ್ಜಿಯದರಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ಗಂಟುಗಳು ಮಾತ್ರ ಮಾಯ.

"ಕೆಂಪಜ್ಜಿ ಪೂರ್ತಿ ಬಿಚ್ಚಿ, ಸುತ್ತಿ, ಬಾಗಿಲ ಹತ್ರ ಇಟ್ಟಿದ್ಲು. ನಿಮ್ಮ ಮಾಲು ವಾಪಸ್ ತಗೊಳ್ಳಿ ಅನ್ನೋ ಹಾಗೆ!" ಎಂದ ಕೀಲಿಯಣ್ಣ.

ಅಜ್ಜಿ ನಗಲಿಲ್ಲ. ಅವಳ ಗಂಟನ್ನು ದೋಣಿಯವರೂ ಬಿಚ್ಚಲಾಗದೆ ಕತ್ತರಿಸಿಕೊಳ್ಳುತ್ತಿದ್ದರು.

"ಇನ್ನೊಂದ್ಸಲ ಬಿಚ್ಚಿದ್ರೆ ಹಗ್ಗದ ಬದಲು ಕಬ್ಬಿಣದ ಸರಪಳಿ ಹಾಕಿ ಅಂದಿದ್ದಾರೆ ನಮ್ಮ ಸಾಹೇಬ್ರು. ಸರಪಳೀನ ಅವಳು ಮುಟ್ಟಲ್ಲ. ಹಿಂದೊಮ್ಮೆ ಬೆರಳು ಸಿಕ್ಕಾಕ್ಕೊಂಡಿತ್ತು. ಈಗ ನೆಲದ ಮೇಲೇ ಕೂತಿರ್ತಾಳೆ. ಅಂಥ ತೋಳಿಟ್ಕೊಂಡು ನೆಲದ ಮೇಲೆ!" ಕೀಲಿಯಣ್ಣ ಬಿಚ್ಚಿದ ಹಗ್ಗವನ್ನು ಅಜ್ಜಿಯ ಮುಂದಿಟ್ಟ.

ಅಜ್ಜಿ ನನ್ನತ್ತ ತಿರುಗಿದಳು. "ಹೋಗಿ ನೋಡ್ಕೊಂಡ್ ಬಾ. ಬಾಯಿ ಬಿಟ್ಕೊಂಡು ಕನಸು ಕಾಣ್ಬೇಡ, ಅವು ಹೇಗೆ ಹಿಡೀತಾವೆ ನೋಡು."

ಮೊದಲು ಹುಲಿ. ಗೋಡೆಯ ತೂತಿನಿಂದ ಹಗ್ಗದ ತುಂಡನ್ನು ಒಳಬಿಟ್ಟು, ಈಚೆ ನಾಲ್ಕು ಗಂಡಸರು ಹಿಡಿದು ನಿಂತರು. ಹುಲಿ ಬಂದು ಮೂಸಿತು, ಏನೂ ಬೇಡವೆನ್ನುವಂತೆ. ಮರುಗಳಿಗೆಯಲ್ಲಿ ಹಿಂಗಾಲಿನಿಂದ ಕತ್ತಿನವರೆಗೆ ಇಡೀ ಮೈ ಬಿಲ್ಲಾಗಿ ಹಿಂದಕ್ಕೆ ಜಗ್ಗಿತು. ನಾಲ್ವರೂ ಒಬ್ಬರ ಮೇಲೊಬ್ಬರು ಗೋಡೆಗೆ ಬಂದು ಬಿದ್ದರು. ಹುಲಿ ಆಕಳಿಸಿ ಮಲಗಿತು.

ಆಮೇಲೆ ಕೆಂಪಜ್ಜಿ. ಕೀಲಿಯಣ್ಣ ಒಳಗಿನ ಕಂಬಕ್ಕೆ ಅಜ್ಜಿ ಕಲಿಸಿದ ಗಂಟು ಬಿಗಿದು ಬಂದಿದ್ದ. ಕೆಂಪಜ್ಜಿ ದಾರಿಗಡ್ಡವಿದ್ದ ಲಾರಿ ಟೈರನ್ನು ಒಂದು ಕೈಯಲ್ಲಿ, ಒದ್ದೆ ಬಟ್ಟೆ ಎತ್ತಿಡುವ ಹಾಗೆ, ಆಚೆಗಿಟ್ಟು ಗಂಟಿನ ಮುಂದೆ ಕೂತಳು. ತುಟಿಯಿಂದ ಸವರಿದಳು. ಒಂದು ಕೈ ಹಗ್ಗವನ್ನು ಜಗ್ಗಿ ಹಿಡಿಯಿತು, ಇನ್ನೊಂದರ ಬೆರಳು ಒಳಗೆ ತೂರಿತು. ಜಗ್ಗಿದ ತೋಳು ಜಗ್ಗಿದಂತೆಯೇ ಇತ್ತು, ನಡುಗಲಿಲ್ಲ, ದಣಿಯಲಿಲ್ಲ. ಕೊನೆಗೆ ಗಂಟಿಗೇ ಸುಸ್ತಾಗಿ ಸಡಿಲವಾಯಿತು.

"ಯಾರು ಜೋರು?" ನಾನು ಮನೆಗೆ ಬಂದೊಡನೆ ಅಜ್ಜಿ ಕೇಳಿದಳು.

"ಹುಲೀದು ಸಿಡಿಲು ಅಜ್ಜಿ, ಬಂತು, ಹೋಯ್ತು. ಕೆಂಪಜ್ಜೀದು ಮುಗಿಯೋದೇ ಇಲ್ಲ. ಹುಲಿಗೆ ಬಾಯ್ತುಂಬ ಕಚ್ಚೋಕೆ ಏನಾದ್ರೂ ಬೇಕು. ಇವಳಿಗೆ ಬಿಚ್ಚೋಕೆ ಏನೂ ಸಿಗಬಾರದು."

"ಗಂಟಿಲ್ಲದೆ ಹೇಗೆ ಕಟ್ತೀಯೇ, ಕನಸುಗಾತಿ?"

ನಾನು ನಾರಿಗೆ ಹುರಿ ಹಾಕುವ ಚಕ್ರವನ್ನೇ ನೋಡುತ್ತಾ ನಿಂತೆ. ಚಕ್ರವನ್ನು ತಿರುಗಿಸುವ ಹಗ್ಗ ಸುತ್ತುತ್ತಲೇ ಇತ್ತು. ಅದಕ್ಕೆ ಗಂಟಿಲ್ಲ, ಗಂಟಿದ್ದರೆ ಚಕ್ರ ಎಗರುತ್ತದೆಂದು ಅಜ್ಜಿ ಎರಡು ತುದಿಗಳ ಎಳೆ ಬಿಡಿಸಿ ಒಂದರೊಳಗೊಂದು ಹೆಣೆದಿದ್ದಳು. ನಾನು ನೋಡುತ್ತಿದ್ದ ಕಡೆ ಅವಳೂ ನೋಡಿದಳು.

"ಅಯ್ಯೋ! ಕಣ್ಣೆದುರೇ ಸುತ್ತುತ್ತಿತ್ತಲ್ಲೇ!"

ಅಜ್ಜಿ ಹುಲಿಗೆ ಕುಂಬಳಕಾಯಿ ಗಾತ್ರದ ಗಂಟು ಕಟ್ಟಿದಳು. ಆದರೆ ಬಿಗಿಯಾದ ಹೊಸ ಹಗ್ಗದ ಎಳೆ ಬಿಡಿಸುವ ಕಸುವು ಅವಳ ಬೆರಳಲ್ಲಿ ಉಳಿದಿರಲಿಲ್ಲ. ಹಾಗಾಗಿ ಮೃಗಾಲಯದ ಏಣಿ ಹತ್ತಿದವಳು ನಾನು. ಹಗ್ಗವನ್ನು ತೊಲೆಗೆ ಬಳಸಿ, ತುದಿಯ ಮೂರು ಎಳೆಗಳನ್ನು ಮರದ ಚೂಪು ಮೊಳೆಯಿಂದ ಸಂದು ಮಾಡಿ ಹಗ್ಗದ ಮೈಯೊಳಗೇ ತೂರಿಸಿದೆ. ಕೆಳಗಿನಿಂದ ಅಜ್ಜಿಯ ಕೂಗು: "ಜಗ್ಗು! ಇನ್ನೂ ಜಗ್ಗು! ಊಟ ಮಾಡಿಲ್ವೇನೇ?" ಪಕ್ಕದ ಕೋಣೆಯ ಕಂಬಿಗೆ ಹಣೆಯೊತ್ತಿ ಕೆಂಪಜ್ಜಿಯೂ ನನ್ನ ಕೈಯನ್ನೇ ನೋಡುತ್ತಿದ್ದಳು.

ನಾವು ಹೊರಬಂದ ಮೇಲೆ ಅವಳನ್ನು ಒಳಬಿಟ್ಟರು. ಕೀಲಿಯಣ್ಣ ಗೊಂಚಲು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದಿದ್ದ. ಕೆಂಪಜ್ಜಿ ಹಗ್ಗದ ಬುಡ ಮೂಸಿದಳು. ಗಂಟಿಲ್ಲ. ಮೇಲೆ ನೋಡಿದಳು. ಹುಡುಕುತ್ತಾ ಹುಡುಕುತ್ತಾ ಏರತೊಡಗಿದಳು. ತೊಲೆಯವರೆಗೂ ಏರಿ, ಒಂದು ಕೈಯಲ್ಲಿ ಜೋತುಕೊಂಡು, ಇನ್ನೊಂದರ ಉಗುರನ್ನು ನನ್ನ ಹೆಣಿಗೆಗೆ ಇಟ್ಟಳು.

ಅಜ್ಜಿ ನನ್ನ ಮಣಿಕಟ್ಟು ಹಿಡಿದಳು.

ಉಗುರು ತೂರಲಿಲ್ಲ. ಕೆಂಪಜ್ಜಿ ಜಗ್ಗಿದಳು. ಅವಳ ಅಷ್ಟೂ ಭಾರ ಬಿದ್ದು, ಜಗ್ಗಿದಷ್ಟೂ ಎಳೆಗಳು ಒಂದನ್ನೊಂದು ಇನ್ನಷ್ಟು ಬಿಗಿದುಕೊಂಡವು. ಅವಳು ಮತ್ತೆ ಸವರಿದಳು, ತುಟಿಯೊಡ್ಡಿದಳು. ಎಷ್ಟೋ ಹೊತ್ತಾಯಿತು. ಕೊನೆಗೆ ಕೈ ಕೆಳಗಿಳಿಸಿ, ಹೊಟ್ಟೆ ಕೆರೆದುಕೊಂಡು, ಕಾಲಿನಿಂದ ಗೋಡೆಯನ್ನು ಮೆಲ್ಲನೆ ಒದ್ದಳು. ಕೆಂಗೂದಲು ಬೆಂಕಿಯಂತೆ ಹರಡಿ, ಆ ಉದ್ದನೆಯ ತೋಳು ಕೋಣೆಯ ಈ ಕೊನೆಯಿಂದ ಆ ಕೊನೆಗೆ ತೂಗಿತು. ಆಚೆ ಗೋಡೆಯ ಹಿಂದೆ ಹುಲಿ ತನ್ನ ಗಂಟನ್ನು ಜಗ್ಗುತ್ತಾ ಗುರುಗುಟ್ಟುವುದು ಕೇಳುತ್ತಿತ್ತು.

"ಈ ಸಲ ಮಾಲು ವಾಪಸ್ ಬರೋ ಹಾಗೆ ಕಾಣಲ್ಲ ಅಜ್ಜಿ," ಎಂದ ಕೀಲಿಯಣ್ಣ.