ಹೊಸಬಳಿಗೊಬ್ಬಳು ಜೊತೆಗಾತಿ

ಮಕ್ಕಳು ದೂರ ಓದಲು ಹೋದ ಮನೆಗಳಲ್ಲಿ ಫೋನು ಬಡಿದುಕೊಂಡರೆ ಸಾಕು, ಅವ್ವಂದಿರ ಎದೆಯೂ ಬಡಿದುಕೊಳ್ಳುತ್ತದೆ. ತಾಳ್ಯದ ಹತ್ತಿರದ ಹಟ್ಟಿಯ ಜುಂಜಮ್ಮನದೂ ಅದೇ ಪಾಡು. ಮಗಳು ಚಿತ್ರಾ ಆ ಹಟ್ಟಿಯಲ್ಲೇ ಎಂ.ಎ. ಮುಖ ಕಂಡ ಮೊದಲ ಹುಡುಗಿ. ದುರ್ಗದ ಕಡೆಯ ಒಂದು ವಿಶ್ವವಿದ್ಯಾಲಯಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಆಗಲೇ ಒಂದೇ ರಾಗ: "ಅವ್ವ, ನಂಗಿಲ್ಲಿ ಬ್ಯಾಡ. ಬಂದು ಕರ್ಕಂಡ್ ಹೋಗು."

"ಕರ್ಕಂಡ್ ಬಾರೇ, ಓದಿದ್ದು ಸಾಕು" ಎಂದ ಗಂಡ ಮುದ್ದಪ್ಪ, ಕುರಿ ಹೊಡೆದುಕೊಂಡು ಹೊರಟೇಬಿಟ್ಟ. ಗಂಡಸರಿಗೇನು, ಹೇಳಿ ಹೋಗುವುದು ಸುಲಭ. ಜುಂಜಮ್ಮ ರೊಟ್ಟಿ ಕಟ್ಟಿಕೊಂಡು, ಹೊಳಲ್ಕೆರೆಗೆ ಬಂದು ಬಸ್ಸು ಹತ್ತಿದಳು.

ಹಾಸ್ಟೆಲಿನಲ್ಲಿ ಮಗಳ ಮುಖ ನೋಡಿ ಅವಳಿಗೆ ಗಾಬರಿಯಾಯಿತು. ಕೆನ್ನೆ ಒಳಕ್ಕೆ ಹೋಗಿತ್ತು.

"ಯಾರಾನ ಏನಾನ ಅಂದ್ರೇನೇ?"

"ಯಾರೂ ಏನೂ ಅನ್ನಲ್ಲವ್ವ. ಮಾತಾಡಿಸೋದೇ ಇಲ್ಲ. ಎಲ್ರಿಗೂ ಅವರವರ ಗುಂಪು ಐತೆ. ಮೆಸ್ಸಲ್ಲಿ ನಾ ಕುಂತಿರೋ ಬೆಂಚಿಗೆ ಯಾರೂ ಬರಲ್ಲ. ಒಬ್ಳೇ ಉಣ್ಣಾಕೆ ಆಗಲ್ಲ ನಂಗೆ. ಎಷ್ಟೋ ದಿನ ಹೋಗೋದೇ ಇಲ್ಲ."

ಉಣ್ಣದೆ ಮಲಗುತ್ತಾಳಂತೆ ಮಗಳು! ಓದೂ ಬೇಡ, ಏನೂ ಬೇಡ ಎಂದುಕೊಂಡು ಜುಂಜಮ್ಮ ಬಟ್ಟೆಗಳನ್ನು ಬ್ಯಾಗಿಗೆ ತುರುಕತೊಡಗಿದಳು.

ಅಷ್ಟರಲ್ಲಿ ಪಕ್ಕದ ಕೋಣೆಯ ಮೀನಾಕ್ಷಿ ಬಾಗಿಲಲ್ಲಿ ಇಣುಕಿದಳು. ಹೊಸದುರ್ಗದವಳು, ಅಲ್ಲೇ ಪಿಎಚ್.ಡಿ. ಮಾಡುತ್ತಿದ್ದಳು. ಸಂಗತಿ ಕೇಳಿದ್ದೇ ಅವಳೂ ಬಂದು ಮಂಚದ ಮೇಲೆ ಕೂತಳು.

"ಒಂದ್ ಗಳಿಗೆ ನಿಲ್ಲಿಸ್ರಿ ಅಮ್ಮ. ಚಿತ್ರನಂಗೆ ಇನ್ನೂ ಬೇಕಾದಷ್ಟು ಜನ ಅವ್ರೆ ಇಲ್ಲಿ. ಅದಕ್ಕೇ ಯೂನಿವರ್ಸಿಟಿಯೋರು ಸಣ್ಣ ಅನುದಾನ ಅಂತ ಕೊಡ್ತಾರೆ. ಎಲ್ರನ್ನೂ ಸೇರಿಸ್ಕಣೋ ಅಂಥ, ಇದು ನಮ್ಮ ಜಾಗ ಅನ್ನಿಸೋ ಅಂಥ ಒಂದು ಕೆಲಸ ಮಾಡ್ತೀವಿ ಅಂತ ಹುಡುಗ್ರೇ ಬರೆದು ಕೇಳಬೋದು."

"ಸಾಲನಾ? ಜಾಮೀನು ಯಾರು ಹಾಕ್ಬೇಕು ತಾಯಿ?"

ಮೀನಾಕ್ಷಿ ನಕ್ಕಳು. "ಸಾಲ ಅಲ್ಲಮ್ಮ. ವಾಪಸ್ ಕೊಡಂಗಿಲ್ಲ. ಹೇಳಿದ ಕೆಲಸಕ್ಕೇ ಖರ್ಚು ಮಾಡಿ ಲೆಕ್ಕ ಕೊಟ್ರೆ ಆತು."

"ಒಳ್ಳೇ ಕಥೆ! ಹುಡುಗಿಗೆ ಬ್ಯಾಸರ ಆದ್ರೆ ದುಡ್ಡು ಕೊಟ್ಟು ಸರಿ ಮಾಡ್ತಾರಂತಾ?"

"ದುಡ್ಡು ನೆಪಕ್ಕಮ್ಮ. ನಾಕು ಜನ ಒಂದ್ ಕಡೆ ಕೂಡಬೇಕಂದ್ರೆ ಚಾ, ಊಟ, ಬಸ್ ಚಾರ್ಜು ಬೇಕಲ್ಲ? ಹೋದ ವರ್ಷ ಕಣ್ಣು ಕಾಣದ ರವೀಂದ್ರ ಈ ದುಡ್ಡಲ್ಲೇ ಒಂದು ಗುಂಪು ಕಟ್ಟಿದ. ಪಾಠನೆಲ್ಲ ಓದಿ ರೆಕಾರ್ಡ್ ಮಾಡ್ಕೊಡ್ತಾರೆ. ಈಗ ಅವನಿಗೆ ಎಷ್ಟು ಸ್ನೇಹಿತ್ರು ಅಂತೀರ! ಈ ಸಲಾನೂ ಅರ್ಜಿ ಕರ್ದವ್ರೆ. ಏನು ಬರೀಬೇಕು ಅಂತಾನೇ ಹೊಳೀತಿಲ್ಲ ನಂಗೆ."

ಜುಂಜಮ್ಮ ಬ್ಯಾಗು ಬಿಟ್ಟು ಮಗಳ ಪಕ್ಕ ಕೂತಳು. "ನಮ್ಮ ಮಲ್ಲಕ್ಕನಂಥೋಳು ಒಬ್ಳು ಇದ್ದಿದ್ರೆ ನನ್ ಮಗಳು ಹಿಂಗೆ ಒಣಗ್ತಿರ್ಲಿಲ್ಲ" ಎಂದಳು.

ಆಹಾ, ಎಂಥಾ ದಿನಗಳವು! ಹಿರಿಯೂರು ಸೀಮೆಯಿಂದ ಮದುವೆಯಾಗಿ ಬಂದಾಗ ಜುಂಜಮ್ಮನಿಗೆ ಈ ಹಟ್ಟಿಯಲ್ಲಿ ಒಂದು ನಾಯಿಯ ಗುರುತೂ ಇರಲಿಲ್ಲ. ಆದರೆ ಅಲ್ಲೊಂದು ರೂಢಿಯಿತ್ತು. ಹೊಸ ಸೊಸೆ ಬಂದರೆ ನೆರೆಮನೆಯ ಹಳೆಯ ಸೊಸೆಯೊಬ್ಬಳು ಅವಳಿಗೆ ಜೊತೆಗಾತಿ. ನೀರಿಗೆ, ಸೌದೆಗೆ, ಹೊಲಕ್ಕೆ ಎಲ್ಲಿಗೂ ಒಬ್ಬಳೇ ಹೋಗುವಂತಿಲ್ಲ, ಒಬ್ಬಳೇ ಉಣ್ಣುವಂತಿಲ್ಲ. ಅತ್ತೆ ಅವಳ ಕೈ ಹಿಡಿದು ಮಲ್ಲಕ್ಕನ ಕೈಗೆ ಕೊಟ್ಟಿದ್ದಳು. "ಹೊಸ ಕುರಿನ ಹಳೇ ಕುರಿ ಜೊತೆ ಕಟ್ಟಿದಂಗೆ ನಿನ್ನ ತಂದು ನನ್ ಕೊರಳಿಗೆ ಕಟ್ಯಾರೆ ನೋಡೇ" ಎಂದು ಮಲ್ಲಕ್ಕ ಛೇಡಿಸುತ್ತಿದ್ದಳು. ತವರು ನೆನೆದು ಜುಂಜಮ್ಮ ಸೌದೆ ಒಟ್ಟಿನ ಹಿಂದೆ ಅತ್ತರೆ, ಸಮಾಧಾನ ಹೇಳಲು ಬಂದ ಮಲ್ಲಕ್ಕ ತನ್ನ ತವರು ನೆನೆದು ಅವಳಿಗಿಂತ ಜೋರಾಗಿ ಅಳುತ್ತಿದ್ದಳು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುವುದು. ಮಲ್ಲಕ್ಕ ತೀರಿಕೊಂಡಳು. ಹಟ್ಟಿಯಲ್ಲಿ ಆ ರೂಢಿಯೂ ಉಳಿದಿಲ್ಲ.

ಇದನ್ನೆಲ್ಲ ಜುಂಜಮ್ಮನ ಬಾಯಲ್ಲಿ ಕೇಳಿದ ಮೀನಾಕ್ಷಿ ಎದ್ದು ನಿಂತಳು. "ಅಮ್ಮ, ಇದನ್ನೇ ಬರೆಯಾಣ! ಹೊಸದಾಗಿ ಬಂದೋರಿಗೆಲ್ಲ ಒಬ್ಬೊಬ್ರು ಜೊತೆಗಾರರು. ಭಾನುವಾರ ಎಲ್ರೂ ಒಟ್ಟಿಗೆ ಅಡಿಗೆ ಮಾಡಿ ಉಣ್ಣೋದು. ಚಿತ್ರ, ನೀನು ನಾನು ಸೈನ್ ಹಾಕಾಣ, ನಮ್ಮ ಗೈಡ್ ಮೇಡಂ ಹತ್ರಾನೂ ಹಾಕಿಸ್ತೀನಿ."

"ಅಕ್ಕ, ನಾನು ಯಾರನ್ನ ಅಂತ ಮಾತಾಡಿಸ್ಲಿ?"

"ಮೊದ್ಲು ನನ್ನ ಮಾತಾಡ್ಸು. ಇವತ್ತಿಂದ ನಾನೇ ನಿನ್ ಜೊತೆಗಾತಿ. ಏಳು, ಉಣ್ಣಾಕೆ ಹೋಗಾಣ."

ಚಿತ್ರಾ ಅವ್ವನ ಮುಖ ನೋಡಿದಳು. "ಒಂದು ತಿಂಗಳು ನೋಡ್ತೀನವ್ವ" ಎಂದಳು. ಜುಂಜಮ್ಮ ಅರೆಮನಸ್ಸಿನಿಂದಲೇ ಒಬ್ಬಳೇ ಊರಿಗೆ ಮರಳಿದಳು.

"ಎಲ್ಲೇ ಮಗಳು?" ಎಂದು ಮುದ್ದಪ್ಪ ಕಣ್ಣರಳಿಸಿದ.

"ಉಣ್ಣಾಕೆ ಹೋಗ್ಯಾಳೆ, ಸುಮ್ಕಿರು."

ಅನುದಾನ ಮಂಜೂರಾಯಿತು. ದೊಡ್ಡ ಮೊತ್ತವೇನಲ್ಲ, ಆದರೆ ಪಾತ್ರೆ, ದಿನಸಿಗೆ ಆಯಿತು. ಮೊದಲ ಭಾನುವಾರ ಚಿತ್ರಾ ಮುದ್ದೆ ತಿರುವಿ, ಹುರುಳಿಕಾಳಿನ ಸಾರು ಮಾಡಿದಳು. ಮುದ್ದೆ ನುಂಗಲು ಬಾರದವರಿಗೆಲ್ಲ ಅವಳೇ ಮೇಷ್ಟ್ರು. ತಿಂಗಳು ಕಳೆಯಿತು, ವರ್ಷವೂ ಕಳೆಯಿತು, ಕರೆದುಕೊಂಡು ಹೋಗು ಎಂಬ ಫೋನು ಮತ್ತೆ ಬರಲಿಲ್ಲ.

ಹೊಸ ವರ್ಷದ ಪ್ರವೇಶಗಳು ಶುರುವಾದವು. ಶನಿವಾರ ಮಗಳು ಬರುತ್ತಾಳೆಂದು ಜುಂಜಮ್ಮ ದಾರಿ ಕಾಯುತ್ತಿದ್ದಳು. ಬಂದದ್ದು ಫೋನು.

"ಅವ್ವ, ಈ ವಾರ ಬರಾಕಾಗಲ್ಲ. ಅಂಜಲಿ ಅಂತ ಹೊಸ ಹುಡುಗಿ ಬರ್ತಾಳೆ. ಅವಳಿಗೆ ಅವ್ವ ಇಲ್ಲ, ಒಬ್ಳೇ ಬರ್ತಾವಳೆ. ಬಸ್ ಸ್ಟ್ಯಾಂಡಿಗೆ ಹೋಗ್ಬೇಕು. ಬ್ಯಾಸರ ಮಾಡ್ಕಬ್ಯಾಡ."

ಜುಂಜಮ್ಮನಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗವ್ವ, ಬಿರ್ರನೆ ಹೋಗು. ಬಂದ ತಕ್ಷಣ ಕರ್ಕಂಡ್ ಹೋಗಿ ಜೊತೇಲಿ ಕುಂತು ಉಣ್ಣು" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳೂ ಕಾಲೇಜು, ವಿಶ್ವವಿದ್ಯಾಲಯ ಸೇರಿರಬಹುದು. ಫೋನಿನಲ್ಲಿ ಅಂಕ ಕೇಳುವ ಮೊದಲು ಯಾರ ಜೊತೆ ಉಂಡೆ ಎಂದು ಕೇಳಿ. ಇಂಥ ಸಣ್ಣ ಅನುದಾನ ಅಲ್ಲಿದೆಯೇ ಎಂದು ವಿಚಾರಿಸಲು ಹೇಳಿ. ಇದ್ದರೆ ಸಂಕೋಚ ಬಿಟ್ಟು ಅರ್ಜಿ ಹಾಕಲಿ, ಇಲ್ಲದಿದ್ದರೆ ಶುರು ಮಾಡಿ ಎಂದು ಕೇಳಲಿ. ಇನ್ನು ಓದುತ್ತಿರುವ ಮಕ್ಕಳೇ, ನಾಳೆ ಮೆಸ್ಸಿನಲ್ಲಿ ಯಾರಾದರೂ ಒಬ್ಬರೇ ಕೂತಿದ್ದರೆ ನಿಮ್ಮ ತಟ್ಟೆ ತೆಗೆದುಕೊಂಡು ಹೋಗಿ ಅವರ ಎದುರು ಕೂತುಬಿಡಿ. ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.