ಕೆಳಗಿನ ಬೇಲಿ

ಊರವರು ಅವನನ್ನು ತಂತಿಯಣ್ಣ ಎಂದೇ ಕರೆಯುತ್ತಿದ್ದರು. ಜೀವಮಾನವಿಡೀ ಕಾಡಿನ ಅಂಚಿಗೆ ಮುಳ್ಳುತಂತಿ ಎಳೆದವನಿಗೇ ಈಗ ಅದನ್ನು ಕೀಳುವ ಕೆಲಸ ಸಿಕ್ಕಿತ್ತು. ಕಾಡನ್ನು ಎರಡು ಹೋಳು ಮಾಡಿದ್ದ ಹೆದ್ದಾರಿಯ ಮೇಲೆ ಅಗಲವಾದ ಸೇತುವೆ ಕಟ್ಟಿ, ಮಣ್ಣು ತುಂಬಿ, ಹುಲ್ಲು ಬೆಳೆಸಿದ್ದರು. ಜಿಂಕೆ, ಹಂದಿಗಳೆಲ್ಲ ಅದರ ಮೇಲೆ ಹಾದು ಆಚೆ ಕಾಡಿಗೆ ಹೋಗಬೇಕು. ಮನುಷ್ಯರಿಗೇ ದಾರಿ ಗತಿಯಿಲ್ಲ, ಹಂದಿಗೆ ಸೇತುವೆಯಂತೆ ಎಂದು ಹೆಂಡತಿ ನಕ್ಕಿದ್ದಳು. ಅವನಿಗೆ ಮಾತ್ರ ಅದು ತಾನೇ ಹೆತ್ತ ಕೂಸು.

ಬಿಚ್ಚಬೇಕಾದದ್ದು ಸೇತುವೆಯ ಬಾಯಿಗೆ ಅಡ್ಡವಾಗಿದ್ದ ಮೇಲಿನ ಬೇಲಿಯನ್ನು ಮಾತ್ರ. ರಸ್ತೆಯಂಚಿನ ಕೆಳಗಿನ ಬೇಲಿ ಇರಲೇಬೇಕು. ಪ್ರಾಣಿಗಳನ್ನು ರಸ್ತೆಗಿಳಿಯದಂತೆ ತಡೆದು ಸೇತುವೆಯತ್ತ ತಿರುಗಿಸುವುದೇ ಅದು.

ಅಂದು ಅವನು ಪೇಟೆಗೆ ಹೋಗಿದ್ದ. ಕೆಲಸದಲ್ಲಿದ್ದ ಭಾವಮೈದುನ ಫೋನ್ ಮಾಡಿ, ಮೇಲಿನದು ಮುಗಿಯಿತು, ಕೆಳಗಿನದನ್ನು ಏನು ಮಾಡಲಿ ಎಂದು ಕೇಳಿದ. ಬಸ್ಸುಗಳ ಗದ್ದಲದಲ್ಲಿ ನಿಂತೇ ಇವನು ಹೇಳಿದ: "ಅದನ್ನ ಬಿಟ್ಬಿಡು."

ಮುಸ್ಸಂಜೆಗೆ ಬಂದು ನೋಡಿದರೆ ರಸ್ತೆಯ ಪಕ್ಕ ತಂತಿಯ ಸುರುಳಿಗಳು ಒಪ್ಪವಾಗಿ ಕೂತಿದ್ದವು. ಕಂಬಗಳು ಬೋಳು ಬೋಳು.

"ಇದನ್ನ ತೆಗಿ ಅಂತ ಯಾರು ಹೇಳಿದ್ದು?"

"ನೀವೇ ಅಲ್ವಾ ಭಾವ? ಬಿಚ್ಬಿಡು ಅಂದ್ರಲ್ಲ."

ಬಿಟ್ಬಿಡು, ಬಿಚ್ಬಿಡು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದು ಮೃಗಗಳು ಮೇವಿಗೆ ಇಳಿಯುವ ಹೊತ್ತು. ಹಾಲಿನ ವ್ಯಾನು ಓಡಿಸುವ ಮಗಳು ಮನೆಗೆ ಮರಳುವುದೂ ಇದೇ ರಸ್ತೆಯಲ್ಲಿ, ಇದೇ ಹೊತ್ತಿಗೆ.

ಭಾವಮೈದುನ ಒಂದು ತುದಿಯಿಂದ ಮತ್ತೆ ತಂತಿ ಎಳೆಯತೊಡಗಿದ. ಇವನು ಮಗಳಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಕಲಿಸಿದವನು ತಾನೇ. ದೂರದವರೆಗೆ ಕಾಣಲೆಂದು ಏದುಸಿರು ಬಿಡುತ್ತ ಸೇತುವೆ ಹತ್ತಿದ. ಹಸಿ ಮಣ್ಣಿನಲ್ಲಿ ಒಂದೇ ಒಂದು ಗೊರಸಿನ ಗುರುತೂ ಇರಲಿಲ್ಲ.

ಕೆಳಗೆ, ಬೋಳು ಕಂಬಗಳ ನಡುವಿನಿಂದ ಜಿಂಕೆಗಳು ಒಂದೊಂದಾಗಿ ರಸ್ತೆಗೆ ಇಳಿಯುತ್ತಿದ್ದವು. ಇಳಿದವು ದಿಕ್ಕು ತೋಚದೆ ನಡುರಸ್ತೆಯಲ್ಲೇ ನಿಂತವು. ಅಷ್ಟರಲ್ಲಿ ಹಾಲಿನ ವ್ಯಾನು ಬಂದು, ಅವುಗಳಿಂದ ದೂರದಲ್ಲೇ, ಸೇತುವೆಯ ಬುಡದಲ್ಲಿ ನಿಂತಿತು. ಅವನಿಗೆ ಹೋದ ಜೀವ ಬಂದಂತಾಯಿತು.

ಆದರೆ ಅವಳು ಇಳಿದಳು. ಮೂಕ ಪ್ರಾಣಿ ಕಷ್ಟದಲ್ಲಿದ್ದರೆ ಕೂತು ನೋಡುವ ಹುಡುಗಿಯಲ್ಲ ಅವಳು. ಹಿಂಡನ್ನು ಬಳಸಿ ಆಚೆ ಬದಿಗೆ ಹೋಗಿ, ತಿರುವಿಗೆ ಬೆನ್ನು ಮಾಡಿ, ಚಪ್ಪಾಳೆ ತಟ್ಟುತ್ತ ಅವನ್ನು ಕಾಡಿನತ್ತ ಅಟ್ಟತೊಡಗಿದಳು.

ತಿರುವಿನಾಚೆಯ ಮರಗಳ ಮೇಲೆ ಲಾರಿಯ ಬೆಳಕು ಹರಿಯಿತು. ಅವನು ಗಂಟಲು ಹರಿಯುವಂತೆ ಮಗಳನ್ನು ಕೂಗಿದ, ಎರಡೂ ಕೈ ಬೀಸಿದ.

ಅವಳು ತಲೆಯೆತ್ತಿದಳು. ಸೇತುವೆಯ ಮೇಲೆ ಅಪ್ಪನನ್ನು ಕಂಡು, ನಕ್ಕು, ನಿಂತಲ್ಲೇ ನಿಂತು ತಾನೂ ಕೈ ಬೀಸಿದಳು.